ಹದಿನಾರು ನಿಮಿಷದ ಸುರುಳಿ

ಶಹಾಪುರಕ್ಕೆ ಹೋದವರಿಗೆ ಊರಿನ ಬೆಟ್ಟದ ಸಾಲನ್ನು ಯಾರಾದರೂ ಬೊಟ್ಟುಮಾಡಿ ತೋರಿಸದೆ ಇರುವುದಿಲ್ಲ. ಅಲ್ಲಿ ಹಣೆ, ಇಲ್ಲಿ ಮೂಗು, ಅದರ ಕೆಳಗೆ ಗಲ್ಲ, ಮುಂದೆ ಎದೆ. ಬುದ್ಧನು ಅಂಗಾತ ಮಲಗಿ ಆಕಾಶವನ್ನು ನೋಡುತ್ತಿರುವಂತೆ ಅದು ಕಾಣುತ್ತದೆ. ಆ ಊರಿನಲ್ಲಿ ನೆಲೆಸಿರುವ ಹಿರಿಯರೊಬ್ಬರು ಮಾತ್ರ ಬೆಟ್ಟವನ್ನು ಕಣ್ಣಿನಿಂದಲ್ಲ, ಕಿವಿಯಿಂದ ಬಲ್ಲವರು. ಮುಂಜಾನೆ ಹೊರಡುವ ಬಸ್ಸಿನ ಹಾರ್ನು ಬಂಡೆಗಳಿಗೆ ಬಡಿದು ಎಷ್ಟು ಹೊತ್ತಿಗೆ ಹಿಂದಿರುಗುತ್ತದೆ, ಮಳೆಗಾಲದಲ್ಲಿ ಆ ಮರುದನಿ ಹೇಗೆ ಮೆತ್ತಗಾಗುತ್ತದೆ ಎಂಬುದನ್ನು ಅವರು ಹೇಳಬಲ್ಲರು. ಮುಂಬೈಯ ಧ್ವನಿಮುದ್ರಣ ಶಾಲೆಯೊಂದರಲ್ಲಿ ಟೇಪು ತಿರುಗಿಸುವ ಸಹಾಯಕರಾಗಿ ಸೇರಿ, ಮುದ್ರಕರಾಗಿ ಬೆಳೆದು, ನಿವೃತ್ತರಾಗಿ ತವರಿಗೆ ಮರಳಿದವರು ಅವರು. ಹಾಡುವವರ ಹೆಸರು ಜಗತ್ತಿಗೆ ತಿಳಿಯುತ್ತದೆ. ಹಾಡನ್ನು ಹಿಡಿದಿಟ್ಟವನ ಹೆಸರು ಡಬ್ಬಿಯ ಚೀಟಿಯ ಮೂಲೆಯಲ್ಲಿ ಇದ್ದರೆ ಇದ್ದೀತು. ಅದರ ಬಗೆಗೆ ಅವರಿಗೆ ಕೊರಗಿಲ್ಲ. ಕೊರಗು ಇರುವುದು ಬೇರೆ ಒಂದು ಸಂಗತಿಯ ಬಗೆಗೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ಮೊಮ್ಮಗನು ಅವರಿಗೆ ಒಂದು ಇಂಗ್ಲಿಷ್ ಪುಸ್ತಕವನ್ನು ತಂದುಕೊಟ್ಟನು. ಇಂಗ್ಲೆಂಡಿನ ಜೆಫ್ ಎಮೆರಿಕ್ ಎಂಬ ಧ್ವನಿಮುದ್ರಣ ತಂತ್ರಜ್ಞನು ತನ್ನ ಕೆಲಸದ ನೆನಪುಗಳನ್ನು ಹೇಳಿಕೊಂಡಿರುವ ಆ ಪುಸ್ತಕ 2006ರಲ್ಲಿ ಪ್ರಕಟವಾದದ್ದು. ಲಿವರ್‌ಪೂಲಿನ ನಾಲ್ವರು ತರುಣರು ಕಟ್ಟಿಕೊಂಡ 'ಬೀಟಲ್ಸ್' ಎಂಬ ಮೇಳವು 1960ರ ದಶಕದಲ್ಲಿ ಗಿಟಾರು, ಡ್ರಮ್ಮುಗಳ 'ರಾಕ್' ಸಂಗೀತದಿಂದ ಲೋಕವನ್ನೆಲ್ಲ ಮರುಳುಗೊಳಿಸಿತ್ತು. ಆ ಮೇಳದ ಹಾಡುಗಳನ್ನು ಟೇಪಿಗಿಳಿಸಿದವರಲ್ಲಿ ಎಮೆರಿಕ್ ಮುಖ್ಯನು. 1962ರಲ್ಲಿ, ಹದಿನಾರರ ಹುಡುಗನಾಗಿ, ಅವನು ಲಂಡನ್ನಿನ ಅಬೆ ರೋಡಿನಲ್ಲಿದ್ದ ಸ್ಟುಡಿಯೋವನ್ನು ಸೇರಿದನು. 1966ರ ಏಪ್ರಿಲಿನಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಆ ಮೇಳದ ಮುಖ್ಯ ಮುದ್ರಕನಾದನು. ಶಹಾಪುರದ ಹಿರಿಯರು ಮಗ್ಗುಲಲ್ಲಿ ನಿಘಂಟನ್ನಿಟ್ಟುಕೊಂಡು, ದಿನಕ್ಕೆ ನಾಲ್ಕು ಪುಟದಂತೆ ಮೂರು ತಿಂಗಳು ಅದನ್ನು ಓದಿದರು. ಮೇಳದ ಕೀರ್ತಿ, ಹಣ, ಜನರ ನೂಕುನುಗ್ಗಲು ಇವುಗಳ ವರ್ಣನೆ ಬಂದ ಕಡೆಗಳನ್ನು ಅವರು ಬೇಗನೆ ದಾಟಿದರು. ಮೈಕನ್ನು ಎಲ್ಲಿಟ್ಟನು, ಏಕೆ ಇಟ್ಟನು ಎಂಬ ಮಾತು ಬಂದಲ್ಲಿ ಮಾತ್ರ ಪೆನ್ಸಿಲಿನಿಂದ ಗೆರೆ ಎಳೆದರು.

ಎಮೆರಿಕನ ಮೊದಲ ದಿನದ ಕಥೆ ಅವರಿಗೆ ಬಹಳ ಹಿಡಿಸಿತು. ಮೇಳದ ಜಾನ್ ಲೆನನ್ ತನ್ನ ಕಂಠವು ಬೆಟ್ಟದ ತುದಿಯಲ್ಲಿ ನಿಂತು ಹಾಡುವ ದಲೈ ಲಾಮಾನ ದನಿಯಂತೆ ಕೇಳಬೇಕೆಂದು ಹಟ ಹಿಡಿದನಂತೆ. ಎಮೆರಿಕನು ಆ ಕಂಠವನ್ನು ಆರ್ಗನ್ ವಾದ್ಯಕ್ಕೆಂದೇ ಮಾಡಿದ, ಒಳಗೆ ಗರಗರನೆ ತಿರುಗುವ ಧ್ವನಿವರ್ಧಕದ ಮೂಲಕ ಹಾಯಿಸಿದನು. ಡ್ರಮ್ಮಿನ ಸಮೀಪಕ್ಕೆ ಮೈಕನ್ನು ಒಯ್ಯಬಾರದೆಂಬುದು ಆ ಸ್ಟುಡಿಯೋದ ನಿಯಮವಾಗಿತ್ತು. ಅವನು ಡ್ರಮ್ಮಿನೊಳಗೆ ಉಣ್ಣೆಯ ಅಂಗಿಯೊಂದನ್ನು ತುರುಕಿ, ನಿಯಮವನ್ನು ಮೀರಿ ಮೈಕನ್ನು ಅದರ ಬಾಯಿಗೇ ಹಿಡಿದನು. ಜಾರ್ಜ್ ಹ್ಯಾರಿಸನ್ನನು ಹಿಂದೂಸ್ತಾನಿ ಸಂಗೀತಕ್ಕೆ ಒಲಿದು ಭಾರತೀಯ ವಾದ್ಯಗಾರರನ್ನು ಕರೆಸಿದಾಗ, ನೆಲದ ಮೇಲೆ ಜಮಖಾನೆ ಹಾಸಿ, ತಬಲಾದ ತೀರ ಹತ್ತಿರ ಮೈಕನ್ನು ಇಟ್ಟನು. ಇದನ್ನು ಓದಿದಾಗ ಹಿರಿಯರು ನಕ್ಕರಂತೆ. ಕಾರಣವಿಷ್ಟೆ: ಅಬೆ ರೋಡಿನ ಹೆಸರನ್ನೂ ಕೇಳದಿದ್ದ ಕಾಲದಲ್ಲಿ, ಸುರಪುರದ ಶಾಲೆಯೊಂದರ ಕೋಣೆಯಲ್ಲಿ, ತಾವೂ ಒಂದು ಕೌದಿ ಮತ್ತು ಒಂದು ದಮ್ಮಡಿಯ ನಡುವೆ ಇಂಥದೇ ಹೆಣಗಾಟವನ್ನು ನಡೆಸಿದ್ದರು.

ಅದು ಎಪ್ಪತ್ತರ ದಶಕ. ಯಾದಗಿರಿಯು ಆಗ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಅದು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಮುಂಬೈಯಿಂದ ಮದರಾಸಿನ ಕಡೆಗೆ ಹೋಗುವ ರೈಲು ಯಾದಗಿರಿಯಲ್ಲಿ ನಿಲ್ಲುತ್ತಿದ್ದುದರಿಂದ ಈ ಭಾಗದ ಎಷ್ಟೋ ತರುಣರಿಗೆ ಮುಂಬೈಯೇ ಅನ್ನದ ದಾರಿಯಾಗಿತ್ತು. ಹಾಗೆ ಹೋದವರಲ್ಲಿ ಒಬ್ಬರಾದ ಇವರು ಒಂದು ವರ್ಷ ರಜೆಯಲ್ಲಿ ಊರಿಗೆ ಬರುವಾಗ, ಬ್ಯಾಟರಿಯಿಂದ ನಡೆಯುವ ಟೇಪ್ ರೆಕಾರ್ಡರೊಂದನ್ನು ಬೇಡಿ ತಂದರು. ಅದರೊಡನೆ ಒಂದು ಮೈಕು, ಒಂದು ಹೆಡ್‌ಫೋನು, ಮೂರು ಸುರುಳಿ ಟೇಪು. ಒಂದೊಂದು ಸುರುಳಿಯಲ್ಲಿ 600 ಅಡಿ ಟೇಪು ಇರುತ್ತಿತ್ತು. ಒಳ್ಳೆಯ ಧ್ವನಿ ಬೇಕಾದರೆ ಅದು ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ ಓಡಬೇಕು. ಲೆಕ್ಕ ಹಾಕಿದರೆ ಒಂದು ಸುರುಳಿಗೆ ಹದಿನಾರು ನಿಮಿಷ. ಮೂರು ಸುರುಳಿಗಳಿಂದ ನಲವತ್ತೆಂಟು ನಿಮಿಷ. ಟೇಪು ಆಗ ದುಬಾರಿ. ನಾಲ್ಕನೆಯ ಸುರುಳಿಯನ್ನು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಮೊದಲನೆಯ ಸುರುಳಿಯನ್ನು ಅವರು ಮನೆಯಲ್ಲಿಯೇ ತುಂಬಿದರು. ಬೆಳಗಿನ ಜಾವ ತಾಯಿ ಜೋಳ ಬೀಸಲು ಕುಳಿತು, ಕಲ್ಲು ತಿರುಗುವ ಲಯಕ್ಕೆ ಬೀಸುವ ಪದಗಳನ್ನು ಹೇಳುವಾಗ, ಅವರಿಗೆ ತಿಳಿಯದಂತೆ ಮೈಕನ್ನು ಬಾಗಿಲ ಮರೆಯಲ್ಲಿಟ್ಟು ಹದಿನಾರು ನಿಮಿಷಗಳನ್ನೂ ಮುದ್ರಿಸಿಕೊಂಡರು. ಆಮೇಲೆ ಕೇಳಿಸಿದಾಗ ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯ, ನನ್ನ ದನಿ ಹಿಂಗದೇನು?" ಎಂದು ಬೆರಗಾದರು.

ಉಳಿದ ಎರಡು ಸುರುಳಿಗಳು ಒಂದು ಭಜನಾ ಮೇಳಕ್ಕಾಗಿ ಮೀಸಲಾಗಿದ್ದವು. ಶಹಾಪುರ, ಸುರಪುರ, ಯಾದಗಿರಿ ಮೂರೂ ತಾಲೂಕುಗಳಲ್ಲಿ ಆ ಮೇಳವನ್ನು ಅರಿಯದವರಿರಲಿಲ್ಲ. ಏಕತಾರಿ ಹಿಡಿದು ಮುಂದೆ ಹಾಡುವವರು ಎಪ್ಪತ್ತು ದಾಟಿದ ಮುದುಕರು. ಅವರನ್ನು ಎಲ್ಲರೂ ಮುತ್ಯಾ ಎಂದೇ ಕರೆಯುತ್ತಿದ್ದರು. ದಮ್ಮಡಿ ಬಾರಿಸುವವರು ಮುಸಲ್ಮಾನ ದರ್ಜಿಯೊಬ್ಬರು. ಮೊಹರಮ್ಮಿನಲ್ಲಿ ಅವರೇ ರಿವಾಯತ್ ಪದಗಳ ಮುಂದಾಳು. ಹಾರ್ಮೋನಿಯಂ ಶಾಲೆಯ ಮಾಸ್ತರದು, ತಾಳ ಕುರಿ ಕಾಯುವವನೊಬ್ಬನದು. ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳು, ಚೆನ್ನೂರ ಜಲಾಲಸಾಹೇಬರವು, ಖೈನೂರ ಕೃಷ್ಣಪ್ಪನವರವು ಇವರ ಕಂಠದಲ್ಲಿದ್ದವು. ಕಾಗದದ ಮೇಲೆ ಒಂದೂ ಇರಲಿಲ್ಲ.

ಇಲ್ಲಿ ಸುರಪುರಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಹೇಳಬೇಕು. 1840ರ ದಶಕದಿಂದ ಸುಮಾರು ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯ ಬಂಗಲೆ ಅಲ್ಲಿಯ ಗುಡ್ಡದ ಮೇಲಿದೆ. ಮುಂದೆ ಅವನು ಐರ್ಲೆಂಡಿನಲ್ಲಿ ನೆಲೆಸಿದಾಗ, ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಗೆ ಬಂದ ಭಾರತೀಯ ವಾದ್ಯಗಳ ಸಂಗ್ರಹವೊಂದಕ್ಕೆ 1860ರ ದಶಕದಲ್ಲಿ ವಿವರವಾದ ಪಟ್ಟಿಯನ್ನು ಬರೆದನು. ದಕ್ಷಿಣದ ನೆಲದಲ್ಲಿ ಕಿವಿಯಾರೆ ಕೇಳಿದ್ದ ನಾದವನ್ನು ಮಾತಿನಲ್ಲಿ ಹೇಳುವುದಲ್ಲದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಟೇಲರನು ತೀರಿಕೊಂಡದ್ದು 1876ರಲ್ಲಿ. ಎಡಿಸನ್ನನು ಧ್ವನಿಯನ್ನು ಹಿಡಿದಿಡುವ ಫೋನೋಗ್ರಾಫನ್ನು ಕಂಡುಹಿಡಿದದ್ದು ಮರುವರ್ಷ. ಟೇಲರನ ಆತ್ಮಕಥೆ ಅಚ್ಚಾದದ್ದೂ ಆ 1877ರಲ್ಲಿಯೇ. ಒಂದು ವರ್ಷದ ಅಂತರದಲ್ಲಿ ತಪ್ಪಿಹೋದ ಈ ಭೇಟಿಯನ್ನು ಹಿರಿಯರು ಆಗಾಗ ನೆನೆಯುತ್ತಾರೆ.

ಮೇಳವನ್ನು ಅವರು ಮೊದಲು ಕೂಡಿಸಿದ್ದು ಸುರಪುರದ ಶಾಲೆಯ ಕೋಣೆಯಲ್ಲಿ. ಮುಂಬೈಯಲ್ಲಿ ಕಲಿತ ವಿದ್ಯೆಯನ್ನೆಲ್ಲ ಅಲ್ಲಿ ಪ್ರಯೋಗಿಸಿದರು. ಕಿಟಕಿಗಳಿಗೆ ಕೌದಿಗಳನ್ನು ಕಟ್ಟಿದರು. ಒಬ್ಬರ ಸದ್ದು ಇನ್ನೊಬ್ಬರ ಸದ್ದಿಗೆ ತಾಗದಿರಲೆಂದು ನಾಲ್ವರನ್ನೂ ನಾಲ್ಕು ಮೂಲೆಗೆ, ನಡುವೆ ಬೆಂಚುಗಳನ್ನು ಅಡ್ಡವಿಟ್ಟು ಕೂರಿಸಿದರು. ಹೆಡ್‌ಫೋನಿನಲ್ಲಿ ಪ್ರತಿಯೊಂದು ವಾದ್ಯವೂ ತೊಳೆದಿಟ್ಟಂತೆ ಕೇಳುತ್ತಿತ್ತು, ಆದರೆ ಹಾಡು ಮಾತ್ರ ಸತ್ತಿತ್ತು. ಎರಡು ನುಡಿ ಹಾಡಿ ಮುತ್ಯಾ ಏಕತಾರಿಯನ್ನು ಕೆಳಗಿಟ್ಟರು.

"ತಮ್ಮಾ, ಒಬ್ರ ಮಾರಿ ಒಬ್ರಿಗೆ ಕಾಣಲಾರದಂಗ ಕುಂತ್ರ ಪದ ಹ್ಯಾಂಗ ಬರ್ತದ?" ಎಂದರು.

ಬೆಂಚುಗಳು ಹೊರಗೆ ಹೋದವು. ಕೌದಿಗಳು ಕಿಟಕಿಯಿಂದ ಇಳಿದು ನೆಲಕ್ಕೆ ಬಂದವು. ಮೇಳವು ಎಂದಿನಂತೆ ವರ್ತುಲವಾಗಿ ಕುಳಿತಿತು. ಇರುವುದು ಒಂದೇ ಮೈಕು. ಹೀಗಿರುವಾಗ ಹದ ಮಾಡಬೇಕಾದದ್ದು ಗುಂಡಿಗಳನ್ನು ತಿರುಗಿಸಿ ಅಲ್ಲ, ಮನುಷ್ಯರನ್ನು ಸರಿಸಿ. ಮುತ್ಯಾ ಮೈಕಿಗೆ ಒಂದು ಮೊಳ ದೂರ, ಹಾರ್ಮೋನಿಯಂ ನಾಲ್ಕು ಮೊಳ, ತಾಳ ಬಾಗಿಲ ಬಳಿ. ದಮ್ಮಡಿಯ ಪೆಟ್ಟಿಗೆ ಮಾಪಕದ ಮುಳ್ಳು ಕೆಂಪು ಗೆರೆಯನ್ನು ಹಾಯುತ್ತಿತ್ತು. ದರ್ಜಿಯ ಮಡಿಲಲ್ಲಿ ಕೌದಿಯೊಂದನ್ನು ಮಡಿಸಿಟ್ಟ ಮೇಲೆ ಅದು ಹತೋಟಿಗೆ ಬಂತು. ಎಲ್ಲವೂ ಸರಿಹೋಯಿತು ಎನ್ನುವಷ್ಟರಲ್ಲಿ ಮುತ್ಯಾ, "ಇಲ್ಲಿ ಯಾರ ಸಲುವಾಗಿ ಹಾಡಬೇಕು? ತಿಂಥಣಿಗೆ ಬಾ," ಎಂದು ಎದ್ದುಬಿಟ್ಟರು. ಅವರು ಟೇಪನ್ನು ಹಿಂದಕ್ಕೆ ಸುತ್ತಿದರು.

ತಿಂಥಣಿಯು ಸುರಪುರ ಸೀಮೆಯಲ್ಲಿ ಕೃಷ್ಣಾ ನದಿಯ ದಡದಲ್ಲಿದೆ. ಅಲ್ಲಿಯ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ಒಂದೇ ಬಗೆಯಲ್ಲಿ ನಡೆದುಕೊಳ್ಳುತ್ತಾರೆ. ಜಾತ್ರೆಯ ಇರುಳು ಮೇಳವು ಬಯಲಿನಲ್ಲಿ ಕುಳಿತಾಗ ಸುತ್ತಲೂ ಜನ. ಗಾಳಿ ಮೈಕಿಗೆ ಬಡಿಯದಿರಲೆಂದು ಅವರು ಅದಕ್ಕೆ ತಮ್ಮ ಧೋತರದ ತುಂಡನ್ನು ಸುತ್ತಿದರು. ಅವರೆದುರು ಮಾಪಕದ ಮುಳ್ಳು, ಕಿವಿಯಲ್ಲಿ ಮುತ್ಯಾನ ಕಂಠ. ಎತ್ತುಗಳ ಗೆಜ್ಜೆ, ಯಾರದೋ ಕೆಮ್ಮು, ದೂರದ ನಾಯಿಯ ಬೊಗಳು ಎಲ್ಲವೂ ಟೇಪಿಗೆ ಇಳಿಯುತ್ತಿದ್ದವು. ಸ್ಟುಡಿಯೋದಲ್ಲಾಗಿದ್ದರೆ ಇವೆಲ್ಲ ದೋಷಗಳು. ಆದರೆ 1967ರಲ್ಲಿ ಬೀಟಲ್ಸ್ ಮೇಳದ ಪ್ರಸಿದ್ಧ ಗೀತೆಯೊಂದರ ಕೊನೆಗೆ ಪಿಯಾನೋದ ಒಂದೇ ಮೀಟು ನಲವತ್ತು ಸೆಕೆಂಡುಗಳಿಗೂ ಮಿಗಿಲಾಗಿ ನಿಲ್ಲುವಂತೆ ಎಮೆರಿಕನು ಧ್ವನಿಯ ಮಟ್ಟವನ್ನು ಏರಿಸುತ್ತ ಹೋದಾಗ, ಕುರ್ಚಿಯೊಂದು ಕಿರುಗುಟ್ಟಿದ ಸದ್ದು ಅದರಲ್ಲಿ ಸೇರಿಕೊಂಡಿತಷ್ಟೆ! ಕಿವಿಗೊಟ್ಟರೆ ಅದು ಇಂದಿಗೂ ಕೇಳುತ್ತದೆ.

ನಡುರಾತ್ರಿಯ ಹೊತ್ತಿಗೆ ಮುತ್ಯಾ ಒಂದು ಪದವನ್ನು ಎತ್ತಿಕೊಂಡರು. ಅವರು ಅದನ್ನು ವರ್ಷಕ್ಕೊಮ್ಮೆ ಅಲ್ಲಿ ಮಾತ್ರ ಹಾಡುವರೆಂದು ಪ್ರತೀತಿ. ಒಂದೊಂದು ನುಡಿಯನ್ನೂ ಹಿಂದಕ್ಕೂ ಮುಂದಕ್ಕೂ ತೂಗುತ್ತ ಅವರು ಹಾಡಿದರು. ಜನರು ಉಸಿರು ಬಿಗಿಹಿಡಿದು ಕುಳಿತರು. ಮುದ್ರಕರು ಗಡಿಯಾರವನ್ನು ನೋಡಿದಾಗ ಹದಿನಾಲ್ಕು ನಿಮಿಷವಾಗಿತ್ತು. ಹದಿನೈದು. ಸುರುಳಿ ಕರಗಿ ತೆಳ್ಳಗಾಗುತ್ತಿತ್ತು. ಇನ್ನೊಂದು ನುಡಿ, ಅದರ ಕೊನೆಗೆ ಅಂಕಿತ, ಅಷ್ಟಾದರೆ ಸಾಕಾಗಿತ್ತು. ಅಷ್ಟರಲ್ಲಿ ಟೇಪಿನ ತುದಿ ಕಳಚಿಕೊಂಡು ಪಟಪಟನೆ ಬಡಿಯತೊಡಗಿತು. ಕತ್ತಲಲ್ಲಿ, ನಡುಗುವ ಬೆರಳುಗಳಿಂದ ಅವರು ಇನ್ನೊಂದು ಸುರುಳಿಯನ್ನು ಹಚ್ಚಿ, ಟೇಪನ್ನು ತಲೆಗಳ ನಡುವೆ ತೂರಿಸಿ, ಗುಂಡಿಯನ್ನು ಒತ್ತುವ ಹೊತ್ತಿಗೆ ಪದ ಮುಗಿದು ಜನ ಜಯಘೋಷ ಮಾಡುತ್ತಿದ್ದರು.

ತತ್ತ್ವಪದದಲ್ಲಿ ಅಂಕಿತವೆಂಬುದು ಕೊನೆಗೆ ಬರುತ್ತದೆ. ಪದ ಯಾರದು ಎಂಬುದು ತಿಳಿಯುವುದು ಅಲ್ಲಿಯೇ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನಳ ಗಾಯನವನ್ನು ಫ್ರೆಡ್ ಗೈಸ್‌ಬರ್ಗ್ ಎಂಬವನು ಮುದ್ರಿಸಿಕೊಂಡಾಗ, ಆಕೆ ಪ್ರತಿಯೊಂದು ತಟ್ಟೆಯ ಕೊನೆಗೂ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಗುರುತು ಸಿಗಲೆಂದು ಈ ಉಪಾಯ. ಮೂರು ನಿಮಿಷದ ತಟ್ಟೆಯಲ್ಲಿ ಕೂಡ ಆಕೆ ಹೆಸರಿಗೆ ಜಾಗವನ್ನು ಉಳಿಸಿಕೊಂಡಳು. ಹದಿನಾರು ನಿಮಿಷವಿದ್ದೂ ಇವರಿಗೆ ಅಂಕಿತ ದಕ್ಕಲಿಲ್ಲ. ಇನ್ನೂ ಸಂಕಟದ ಮಾತೆಂದರೆ, ಅಂಕಿತವನ್ನು ಮುತ್ಯಾ ಹಾಡಿದಾಗ ಇವರು ಎರಡು ಮೊಳ ದೂರದಲ್ಲಿಯೇ ಇದ್ದರು. ಕಿವಿಯೇ ಬಂಡವಾಳವಾದ ಮನುಷ್ಯನಿಗೆ ಆ ಗಳಿಗೆಯಲ್ಲಿ ಟೇಪಿನ ಪಟಪಟವಲ್ಲದೆ ಬೇರೇನೂ ಕೇಳಿಸಿರಲಿಲ್ಲ.

ಎರಡನೆಯ ಸುರುಳಿಯೂ ಮುಂದಿನ ಪದಗಳಿಂದ ತುಂಬಿತು. ಬೆಳಕು ಹರಿಯುವ ಮುನ್ನ ಅವರು ಮುತ್ಯಾನ ಬಳಿಗೆ ಹೋಗಿ, ನಡುರಾತ್ರಿಯ ಪದವನ್ನು ಇನ್ನೊಮ್ಮೆ ಹೇಳಬೇಕೆಂದು ಕೈಮುಗಿದರು.

"ಹರಿದ ನೀರ ಹಿಂದಕ್ಕ ಕರೀತಿಯೇನು?" ಎಂದರು ಮುತ್ಯಾ. "ಅದು ನಡುರಾತ್ರಿ ಪದ. ಈಗ ಬೆಳಗಾಗ್ಲಿಕತ್ತದ, ಬೆಳಗಿನ ಪದಾನೇ ಹಾಡಬೇಕು. ಬೇಕಾದ್ರ ಅದನ್ನ ತಗೋ."

ಬೆಳಗಿನ ಪದವನ್ನು ಹಿಡಿಯಲು ಟೇಪು ಎಲ್ಲಿದೆ? ಚೀಲದಲ್ಲಿ ಉಳಿದಿದ್ದುದು ಒಂದೇ ಸುರುಳಿ, ತಾಯಿಯದು. ಟೇಪಿನ ಮೇಲಿರುವ ಕಬ್ಬಿಣದ ಸೂಕ್ಷ್ಮ ಪುಡಿಯ ಮೇಲೆ ಧ್ವನಿಯು ಅಯಸ್ಕಾಂತದ ಗುರುತಾಗಿ ಕೂರುತ್ತದೆ. ಯಂತ್ರದಲ್ಲಿ ಬರೆಯುವ ತಲೆಗೆ ಮುಂಚೆ ಅಳಿಸುವ ತಲೆಯೊಂದಿರುತ್ತದೆ. ಹೊಸದು ಬರೆಯಬೇಕಾದರೆ ಹಳೆಯದು ಅಳಿಯಲೇಬೇಕು. ಅವರು ಕ್ಷಣಹೊತ್ತು ಯೋಚಿಸಿದರು. ಮುತ್ಯಾನ ವಯಸ್ಸು ಎಪ್ಪತ್ತರ ಮೇಲೆ. ಮೇಳವು ಇನ್ನೊಮ್ಮೆ ಕೂಡುವಾಗ ತಾವು ಮುಂಬೈಯಲ್ಲಿರುವರು. ತಾಯಿಯಾದರೋ ಮನೆಯಲ್ಲಿಯೇ ಇದ್ದಾರೆ, ದಿನವೂ ಬೀಸುತ್ತಾರೆ, ದಿನವೂ ಹಾಡುತ್ತಾರೆ. ಅವರು ತಾಯಿಯ ಸುರುಳಿಯನ್ನು ಯಂತ್ರಕ್ಕೆ ಹಚ್ಚಿದರು.

ಬೆಳಗಿನ ಪದ ಹನ್ನೆರಡು ನಿಮಿಷಗಳಲ್ಲಿ ಮುಗಿಯಿತು. ಮುದ್ರಕರ ವಾಡಿಕೆಯಂತೆ, ಕೊನೆಯ ತಾಳದ ಗುಂಗು ಅಡಗುವವರೆಗೆ ನಾಲ್ಕಾರು ಸೆಕೆಂಡು ಕಾದು ಅವರು ಯಂತ್ರವನ್ನು ನಿಲ್ಲಿಸಿದರು.

ಮನೆಗೆ ಬಂದು ತಾಯಿಗೆ ನಿಜವನ್ನು ಹೇಳಿದಾಗ, "ಹೋಗ್ಲಿ ಬಿಡಪ್ಪ. ನನ್ನ ಹಾಡೇನು, ದಿನಾ ಇರೋದೇ," ಎಂದರು.

ದಿನವೂ ಇರಲಿಲ್ಲ. ಎರಡು ವರ್ಷಗಳ ಮೇಲೆ ಅವರು ಹೊಸ ಸುರುಳಿಗಳೊಡನೆ ಊರಿಗೆ ಬಂದಾಗ ಓಣಿಯ ತಿರುವಿನಲ್ಲಿ ಹಿಟ್ಟಿನ ಗಿರಣಿ ಕೂತಿತ್ತು. ಬೀಸುವ ಕಲ್ಲು ಹಿತ್ತಲಿನಲ್ಲಿ ಮಣ್ಣು ಹಿಡಿದು ಬಿದ್ದಿತ್ತು. ಅವರು ಅದನ್ನು ತೊಳೆದು ಒಳಗೆ ತಂದಿಟ್ಟು, ಒಂದು ಬೊಗಸೆ ಜೋಳವನ್ನು ಹಾಕಿ ತಾಯಿಯನ್ನು ಕೂರಿಸಿದರು. ತಾಯಿ ಗೂಟವನ್ನು ಹಿಡಿದು ಎರಡು ಸುತ್ತು ತಿರುಗಿಸಿದರು. ಒಂದು ಸಾಲನ್ನು ಎತ್ತಿಕೊಂಡು ಅಷ್ಟಕ್ಕೇ ನಿಂತರು. ಮೈಕು ಎದುರಿಗಿತ್ತು. "ಕಲ್ಲು ತಿರುಗಿದ್ರ ಹಾಡು ತಾನೇ ಬರ್ತಿತ್ತಪ್ಪ. ಈಗ ನಾನೇ ಹುಡುಕಬೇಕಾಗ್ಯದ," ಎಂದು ನಗುತ್ತ ಎದ್ದರು. ಮುದ್ರಕರು ಒತ್ತಾಯಿಸಲಿಲ್ಲ. ಮುತ್ಯಾ ಅಷ್ಟರಲ್ಲಿ ತೀರಿಕೊಂಡಿದ್ದರು. ನಡುರಾತ್ರಿಯ ಪದ ಯಾರದೆಂದು ಮೇಳದವರನ್ನು ಕೇಳಿದರೆ, ದರ್ಜಿ ಮಡಿವಾಳಪ್ಪನವರದೆಂದರು, ಮಾಸ್ತರು ಕೃಷ್ಣಪ್ಪನವರದೆಂದರು. ಇದೇ ಮಾತಿಗೆ ಇಬ್ಬರಲ್ಲಿ ಜಗಳವೂ ಆಯಿತು. ಮೇಳ ಮುಂದೆ ಹೆಚ್ಚು ಕಾಲ ನಡೆಯಲಿಲ್ಲ.

ಎಮೆರಿಕನ ಪುಸ್ತಕದಲ್ಲಿಯೂ ಜಗಳದ ಅಧ್ಯಾಯವಿದೆ. ನಾಲ್ವರ ನಡುವಿನ ಕಹಿಯನ್ನು ಗಾಜಿನ ಆಚೆ ಕುಳಿತು ಕೇಳಲಾರದೆ ಅವನು 1968ರ ಜುಲೈಯಲ್ಲಿ ನಡುವೆಯೇ ಕೆಲಸ ಬಿಟ್ಟು ಎದ್ದುಹೋದನು. 1969ರಲ್ಲಿ ಮತ್ತೆ ಬಂದು ಅವರೊಡನೆ ದುಡಿದನು. ಹಿರಿಯರು ಎರಡು ಗೆರೆ ಎಳೆದಿರುವುದು ಮಾತ್ರ ಬೇರೊಂದು ಕಡೆ. ಆ ಕಾಲದಲ್ಲಿ ಅಬೆ ರೋಡಿನ ಟೇಪಿಗೆ ಇದ್ದದ್ದು ನಾಲ್ಕೇ ಪಟ್ಟಿಗಳು. ನಾಲ್ಕೂ ತುಂಬಿದ ಮೇಲೆ ಇನ್ನೊಂದು ವಾದ್ಯ ಬೇಕಾದರೆ, ಇರುವುದನ್ನೆಲ್ಲ ಬೆರೆಸಿ ಬೇರೆ ಟೇಪಿಗೆ ಇಳಿಸಿ ಜಾಗ ಮಾಡಿಕೊಳ್ಳಬೇಕಾಗಿತ್ತು. ಬೆರೆಸಿದ್ದನ್ನು ಅಲ್ಲಿಂದ ಮುಂದೆ ಬಿಡಿಸಲಾಗದು. ಅಂಬಲಿಗೆ ಮಜ್ಜಿಗೆ ಹೊಯ್ದ ಹಾಗೆ. ಯಾವುದು ಉಳಿಯಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದನ್ನು ಇಪ್ಪತ್ತೊಂದು ವರ್ಷದ ಹುಡುಗನು ಆ ಕ್ಷಣದಲ್ಲಿಯೇ ತೀರ್ಮಾನಿಸುತ್ತಿದ್ದನು. ಎಮೆರಿಕ್ 2018ರ ಅಕ್ಟೋಬರಿನಲ್ಲಿ ತೀರಿಕೊಂಡ ಸುದ್ದಿಯನ್ನು ಮೊಮ್ಮಗನು ತಿಳಿಸಿದ ದಿನ, ಹಿರಿಯರು ತಗಡಿನ ಪೆಟ್ಟಿಗೆಯಿಂದ ಮೂರೂ ಸುರುಳಿಗಳನ್ನು ಹೊರಗೆ ತೆಗೆದರು.

ಟೇಪು ಅಂಟಿಕೊಳ್ಳದಿರಲೆಂದು ಅವರು ವರ್ಷಕ್ಕೊಮ್ಮೆ ಅವನ್ನು ಬಿಚ್ಚಿ ಸುತ್ತುತ್ತಾರೆ; ಯಂತ್ರವನ್ನೂ ತಾವೇ ದುರಸ್ತಿ ಮಾಡಿಕೊಂಡು ಇಟ್ಟಿದ್ದಾರೆ. ಮೂರನೆಯ ಸುರುಳಿಯನ್ನು ಹಚ್ಚಿದರೆ ಮೊದಲು ಬೆಳಗಿನ ಪದ ಬರುತ್ತದೆ. ಹನ್ನೆರಡನೆಯ ನಿಮಿಷಕ್ಕೆ ತಾಳ ನಿಲ್ಲುತ್ತದೆ. ನಾಲ್ಕಾರು ಸೆಕೆಂಡು ನದಿಯ ದಂಡೆಯ ಮೌನ, ಒಂದು ಚಿಕ್ಕ ಟಕ್ ಸದ್ದು, ಆಮೇಲೆ ಇದ್ದಕ್ಕಿದ್ದಂತೆ, ಸಾಲಿನ ನಡುವಿನಿಂದ, ಬೀಸುವ ಕಲ್ಲಿನೊಡನೆ ತಾಯಿಯ ದನಿ. ಅಳಿಸದೆ ಉಳಿದದ್ದು ನಾಲ್ಕು ನಿಮಿಷಕ್ಕೂ ಸ್ವಲ್ಪ ಕಡಿಮೆ, ಮೊದಲಿಲ್ಲದ ಹಾಡು. ಒಂದನೆಯ ಸುರುಳಿಯಲ್ಲಿರುವುದು ಕೊನೆಯಿಲ್ಲದ ಹಾಡು.

ಸುರುಳಿಯಾಗಿ ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಮೇಲಿನ ಧ್ವನಿಯು ಕಾಲ ಕಳೆದಂತೆ ಪಕ್ಕದ ಪದರಕ್ಕೂ ಅಚ್ಚೊತ್ತುತ್ತದೆ. ತಂತ್ರಜ್ಞರು ಇದನ್ನು ದೋಷವೆಂದು ಎಣಿಸುತ್ತಾರೆ. ಮೂರನೆಯ ಸುರುಳಿಯಲ್ಲಿ ತಾಳ ನಿಂತು, ಟಕ್ ಎನ್ನುವುದಕ್ಕೆ ಇನ್ನೇನು ಒಂದು ಸೆಕೆಂಡು ಇದೆಯೆನ್ನುವಾಗ, ತಿಂಥಣಿಯ ಆ ಮೌನದೊಳಗೆ, ತೀರ ಸಣ್ಣದಾಗಿ, ಶಹಾಪುರದ ಬೀಸುವ ಕಲ್ಲಿನ ಸದ್ದು ಕೇಳಿಸುತ್ತದೆ. ಮೊಮ್ಮಗನಿಗೆ ಮೊದಲ ಸಲ ಅದು ಕೇಳಿಸಲಿಲ್ಲ. ಹಿರಿಯರು ಟೇಪನ್ನು ಹಿಂದಕ್ಕೆ ಸುತ್ತಿ, ಹೆಡ್‌ಫೋನನ್ನು ಅವನ ಕಿವಿಗೆ ಸರಿಯಾಗಿ ಕೂರಿಸಿ, ಬೆರಳೆತ್ತಿ ಕಾಯುತ್ತ ನಿಂತರು.